ತಂತಿಕಳ್ಳರು

ತಂತಿಕಳ್ಳರು ಎಂಬುದು ದಾರಿಹೋಕರೊಡನೆ ಸ್ನೇಹ ಬೆಳೆಸಿ, ಕುಣಿಕೆಯಿಂದ ಅಥವಾ ವಸ್ತ್ರದಿಂದ ಅವರ ಕೊರಳು ಬಿಗಿದು ಕೊಂದು, ಬಳಿಕ ದೋಚುತ್ತಿದ್ದ ಗುಂಪುಗಳಿಗೆ ಕನ್ನಡ ನಾಡಿನಲ್ಲಿದ್ದ ಹೆಸರು. ಉತ್ತರ ಭಾರತದಲ್ಲಿ ಇವರನ್ನು ಥಗ್ಗರು ಎಂದೂ ದಕ್ಷಿಣದ ಆಡಳಿತ ದಾಖಲೆಗಳಲ್ಲಿ ಫಾಸಿಗಾರರು ಎಂದೂ ಕರೆಯಲಾಗಿದೆ. 18ನೆಯ ಶತಮಾನದ ಕೊನೆಯಿಂದ 19ನೆಯ ಶತಮಾನದ ನಡುಗಾಲದವರೆಗೆ ಮೈಸೂರು ಸೀಮೆ, ಅರ್ಕಾಟು ಪ್ರಾಂತ ಹಾಗೂ ನಿಜಾಮರ ಸಂಸ್ಥಾನದ ರಸ್ತೆಗಳಲ್ಲಿ ಇವರ ಕೃತ್ಯಗಳು ದಾಖಲಾಗಿವೆ. ಚೀನಾದ ರಹಸ್ಯ ಸಂಘಗಳ ಇತಿಹಾಸವನ್ನು ಓದುವವರು ಭಾರತದಲ್ಲಿ ಅದಕ್ಕೆ ಸಮೀಪದ ಉದಾಹರಣೆಯಾಗಿ ಇವರನ್ನು ಪರಿಗಣಿಸುವುದುಂಟು. ಆದರೆ ಇವರು ನಿಜವಾಗಿ ಒಂದು ರಹಸ್ಯ ಪಂಥವಾಗಿದ್ದರೇ ಅಥವಾ ಬಿಡಿಬಿಡಿಯಾದ ದರೋಡೆ ಗುಂಪುಗಳನ್ನು ಬ್ರಿಟಿಷ್ ಆಡಳಿತವೇ ಒಂದು ಪಂಥವೆಂದು ಕಲ್ಪಿಸಿತೇ ಎಂಬ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ.

ಹೆಸರಿನ ಹಿನ್ನೆಲೆ

'ಥಗ್' ಎಂಬ ಹಿಂದಿ ಪದವು ಮರೆಮಾಚು, ಮುಚ್ಚು ಎಂಬ ಅರ್ಥವುಳ್ಳ ಸಂಸ್ಕೃತ ಧಾತುವಿಗೆ ಸಂಬಂಧಿಸಿದ್ದು. ಕನ್ನಡದ 'ಠಕ್ಕ', 'ಠಕ್ಕತನ' ಎಂಬ ಮಾತುಗಳೂ ಇದೇ ಬಳಗಕ್ಕೆ ಸೇರುತ್ತವೆ. ಮೋಸಗಾರ ಎಂಬುದೇ ಇದರ ಮೂಲ ಅರ್ಥ. ಕೊಲೆಗಾರ ಎಂಬ ಅರ್ಥ ನಂತರ ಬಂದುದು. 'ಫಾಸಿಗಾರ' ಎಂಬುದು ಪಾಶ ಎಂಬ ಸಂಸ್ಕೃತ ಶಬ್ದದಿಂದ ಬೆಳೆದ 'ಫಾಸಿ'ಯಿಂದ ಆದುದು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಗಲ್ಲುಶಿಕ್ಷೆಗೆ ಫಾಶಿ ಎನ್ನುವ ರೂಢಿಯಿದೆ.

ಮದ್ರಾಸಿನ ವೈದ್ಯಾಧಿಕಾರಿ ರಿಚರ್ಡ್ ಶೆರ್‌ವುಡ್ 1816ರಲ್ಲಿ ಫಾಸಿಗಾರರ ಬಗೆಗೆ ಒಂದು ಲೇಖನವನ್ನು ಪ್ರಕಟಿಸಿದನು. ಅದು 1820ರಲ್ಲಿ 'ಏಷಿಯಾಟಿಕ್ ರಿಸರ್ಚಸ್' ಸಂಪುಟದಲ್ಲಿ ಮರುಮುದ್ರಣಗೊಂಡಿತು. ದಕ್ಷಿಣದ ಒಂದೊಂದು ಭಾಷೆಯಲ್ಲಿ ಈ ಗುಂಪುಗಳಿಗಿದ್ದ ಹೆಸರುಗಳನ್ನು ಅವನು ಅಲ್ಲಿ ಕೊಟ್ಟಿದ್ದಾನೆ. ಕನ್ನಡದಲ್ಲಿ ಇವರನ್ನು 'ತಂತಿ ಕಳ್ಳರು' ಎನ್ನುತ್ತಾರೆಂದೂ, ತಂತಿಯ ಅಥವಾ ನರದ ಕುಣಿಕೆಯನ್ನು ಬಳಸುವ ಕಳ್ಳರೆಂದು ಅದರ ಅರ್ಥವೆಂದೂ ವಿವರಿಸಿದ್ದಾನೆ. ಬ್ರಿಟಿಷರು ಇವರನ್ನು 'ಕಂಡುಹಿಡಿಯುವ' ಮೊದಲೇ ಕನ್ನಡಿಗರಿಗೆ ಇವರ ಪರಿಚಯವಿತ್ತು ಎಂಬುದಕ್ಕೆ ಈ ಹೆಸರೇ ಸಾಕ್ಷಿ.

ಪ್ರಾಚೀನ ಉಲ್ಲೇಖಗಳು

ಇತಿಹಾಸಕಾರ ಜಿಯಾಉದ್ದೀನ್ ಬರನಿಯು ಸುಲ್ತಾನ ಜಲಾಲುದ್ದೀನ್ ಖಿಲ್ಜಿಯ ಕಾಲದಲ್ಲಿ, ಅಂದರೆ 1290ರ ಸುಮಾರಿಗೆ, ದೆಹಲಿಯಲ್ಲಿ ಸುಮಾರು ಸಾವಿರ ಥಗ್ಗರು ಸೆರೆಸಿಕ್ಕ ಸಂಗತಿಯನ್ನು ಬರೆದಿದ್ದಾನೆ. ಸುಲ್ತಾನನು ಅವರನ್ನು ಕೊಲ್ಲಿಸದೆ ದೋಣಿಗಳಲ್ಲಿ ಬಂಗಾಳದ ಲಖ್ನೌತಿಯ ಕಡೆಗೆ ಸಾಗಿಸಿ ಬಿಟ್ಟುಬಿಟ್ಟನು. ಆದರೆ ಬರನಿಯ ಥಗ್ಗರು ಕತ್ತು ಬಿಗಿದು ಕೊಲ್ಲುವವರಾಗಿದ್ದರೇ ಅಥವಾ ಬರಿಯ ವಂಚಕರಾಗಿದ್ದರೇ ಎಂಬುದು ಅವನ ಬರಹದಿಂದ ಸ್ಪಷ್ಟವಾಗುವುದಿಲ್ಲ. 17ನೆಯ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಫ್ರೆಂಚ್ ಪ್ರವಾಸಿ ಥೆವೆನೋ, ದೆಹಲಿ ಮತ್ತು ಆಗ್ರಾಗಳ ನಡುವಣ ಹಾದಿಯಲ್ಲಿ ಕುಣಿಕೆಯೆಸೆದು ಕೊಲ್ಲುವ ಕಳ್ಳರಿರುವರೆಂದು ಬರೆದನು.

ಮೈಸೂರು ಸೀಮೆಯಲ್ಲಿ

ಕರ್ನಾಟಕಕ್ಕೆ ಸಂಬಂಧಿಸಿದ ಮುಖ್ಯ ದಾಖಲೆಗಳು ಮೈಸೂರು ರಾಜ್ಯದವು. 19ನೆಯ ಶತಮಾನದ ಆರಂಭದ ಬರಹಗಳ ಪ್ರಕಾರ ಹೈದರ್ ಅಲಿಯು ಫಾಸಿಗಾರರನ್ನು ವಿಚಾರಣೆಯ ಗೊಡವೆಯಿಲ್ಲದೆ ಶಿಕ್ಷಿಸಿ ಹಲವರನ್ನು ಕೊಲ್ಲಿಸಿದನು. ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಕೆಲವರಿಗೆ ಕಠಿಣ ದುಡಿಮೆಯ ಶಿಕ್ಷೆಯಾಯಿತು. ಇನ್ನು ಕೆಲವರ ಅಂಗಚ್ಛೇದನವಾಯಿತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಹೆದ್ದಾರಿ ದರೋಡೆಗೆ ಮರಣದಂಡನೆ ವಿಧಿಸಲಾಗಿ, ಹಲವು ಫಾಸಿಗಾರರು ಆ ಶಿಕ್ಷೆಗೆ ಗುರಿಯಾದರು.

1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಬೆಂಗಳೂರಿನ ಬಳಿ ಸುಮಾರು ನೂರು ಮಂದಿ ಸೆರೆಸಿಕ್ಕರು. ಆಗ ಅವರನ್ನು ಸಾಮಾನ್ಯ ದರೋಡೆಕೋರರೆಂದೇ ಭಾವಿಸಲಾಯಿತು. ತಿರುವಾಂಕೂರಿನ ಕಡೆಯಿಂದ ಕೊಳ್ಳೆಯೊಡನೆ ಮರಳುತ್ತಿದ್ದ ಗುಂಪಿನ ಕೆಲವರು 1807ರಲ್ಲಿ ಚಿತ್ತೂರು ಮತ್ತು ಅರ್ಕಾಟುಗಳ ನಡುವೆ ಸಿಕ್ಕಿಬಿದ್ದಾಗ ಕಂಪನಿಯ ಅಧಿಕಾರಿಗಳಿಗೆ ಇವರ ಕಾರ್ಯವಿಧಾನದ ಸ್ಪಷ್ಟ ಚಿತ್ರ ದೊರಕಿತು. ಶೆರ್‌ವುಡ್‌ನ ಲೇಖನಕ್ಕೆ ಚಿತ್ತೂರಿನ ಮ್ಯಾಜಿಸ್ಟ್ರೇಟನು ನಡೆಸಿದ ಈ ವಿಚಾರಣೆಗಳೇ ಆಧಾರ.

ಇವರಲ್ಲಿ ಹೆಚ್ಚಿನವರು ಪಾಳೆಯಗಾರರ ಸೀಮೆಗಳಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಊರಿನಲ್ಲಿ ಅವರು ಸಾಮಾನ್ಯ ರೈತರು. ತಮ್ಮ ಗಳಿಕೆಯಲ್ಲಿ ಒಂದು ಪಾಲನ್ನು ಪಾಳೆಯಗಾರನಿಗೋ ಊರ ಮುಖ್ಯಸ್ಥನಿಗೋ ಸಲ್ಲಿಸಿ, ಅದಕ್ಕೆ ಪ್ರತಿಯಾಗಿ ರಕ್ಷಣೆ ಪಡೆಯುತ್ತಿದ್ದರು. ತಮ್ಮ ಊರಿನ ಸುತ್ತಮುತ್ತ ಅಪರಾಧ ಮಾಡದೆ ದೂರದ ಸೀಮೆಗಳಿಗೆ ಹೋಗುತ್ತಿದ್ದರು. ಆದ್ದರಿಂದ ನೆರೆಹೊರೆಯವರ ದೂರು ಇರುತ್ತಿರಲಿಲ್ಲ.

ಬೆಳವಣಿಗೆಗೆ ಕಾರಣಗಳು

ಈ ಗುಂಪುಗಳು ದೀರ್ಘಕಾಲ ಪತ್ತೆಯಾಗದೆ ಉಳಿದುದಕ್ಕೆ ಆ ಕಾಲದ ಪ್ರಯಾಣದ ರೀತಿ ಮತ್ತು ಆಡಳಿತದ ಹಂಚಿಕೆ ಮುಖ್ಯ ಕಾರಣಗಳು. ರೈಲು ಬರುವ ಮೊದಲು ಜನರು ಕಾಲುನಡಿಗೆಯಲ್ಲಿ ಅಥವಾ ಎತ್ತು, ಕುದುರೆಗಳ ಮೇಲೆ ವಾರಗಟ್ಟಲೆ ಪ್ರಯಾಣ ಮಾಡುತ್ತಿದ್ದರು. ಒಂಟಿಯಾಗಿ ಹೋಗುವುದು ಅಪಾಯವೆಂದು ದಾರಿಯಲ್ಲಿ ಸಿಕ್ಕ ತಂಡವನ್ನು ಸೇರಿಕೊಳ್ಳುವುದು ವಾಡಿಕೆಯಾಗಿತ್ತು. ರಕ್ಷಣೆಗಾಗಿ ಹುಡುಕಿದ ಈ ಜೊತೆಯೇ ಹಲವರ ಪಾಲಿಗೆ ಮೃತ್ಯುವಾಯಿತು. ಹೊರಟವನು ಊರಿಗೆ ಮರಳದಿದ್ದರೆ ಹುಲಿಯೋ ಹಾವೋ ಬೇನೆಯೋ ಕಾರಣವಿರಬಹುದೆಂದು ಮನೆಯವರು ತಿಳಿಯುತ್ತಿದ್ದರು. ಎಲ್ಲಿ ವಿಚಾರಿಸಬೇಕೆಂಬುದೂ ಅವರಿಗೆ ತಿಳಿಯುತ್ತಿರಲಿಲ್ಲ.

ಎರಡನೆಯದು ಸರಹದ್ದಿನ ಗೊಂದಲ. ಇಂದಿನ ವಿಜಯಪುರ ಜಿಲ್ಲೆಯ ಸೀಮೆಯೇ ಇದಕ್ಕೆ ಒಳ್ಳೆಯ ನಿದರ್ಶನ. 1818ರಲ್ಲಿ ಪೇಶ್ವೆಯ ಪತನದ ನಂತರ ಬಿಜಾಪುರದ ಭಾಗವು ಸಾತಾರೆಯ ರಾಜನಿಗೆ ಸೇರಿ 1848ರವರೆಗೆ ಅವನ ವಂಶದಲ್ಲಿತ್ತು. ಭೀಮಾ ನದಿಯ ಆಚೆಗೆ ಪೂರ್ವದಲ್ಲಿ ನಿಜಾಮನ ರಾಜ್ಯ, ಆಗ್ನೇಯಕ್ಕೆ ಸುರಪುರದ ನಾಯಕರ ಸಂಸ್ಥಾನ, ಉತ್ತರಕ್ಕೆ ಸೊಲ್ಲಾಪುರದಲ್ಲಿ ಕಂಪನಿಯ ಆಡಳಿತ. ಒಂದೆರಡು ದಿನದ ನಡಿಗೆಯಲ್ಲಿ ಮೂರು ನಾಲ್ಕು ಪ್ರಭುತ್ವಗಳನ್ನು ದಾಟಬಹುದಾಗಿತ್ತು. ಒಂದು ರಾಜ್ಯದ ಠಾಣೆದಾರನಿಗೆ ಇನ್ನೊಂದು ರಾಜ್ಯದಲ್ಲಿ ಅಧಿಕಾರವಿರಲಿಲ್ಲ. ಈ ಬಗೆಯ ಒಡೆದ ಸರಹದ್ದುಗಳು ದರೋಡೆಕೋರರಿಗೆ ಎಲ್ಲೆಡೆಯೂ ಅನುಕೂಲವಾಗಿದ್ದವು.

ಸಂಘಟನೆ ಮತ್ತು ಕಾರ್ಯವಿಧಾನ

ಮಳೆಗಾಲದಲ್ಲಿ ಬೇಸಾಯ ಮಾಡಿ, ದಸರೆಯ ನಂತರ ದಾರಿಗಳು ಒಣಗಿದಾಗ ಗುಂಪುಗಳು ಹೊರಡುತ್ತಿದ್ದವು. ಹತ್ತು ಜನರಿಂದ ಐವತ್ತು ಜನರವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಮಂದಿ ಒಂದು ಗುಂಪಿನಲ್ಲಿರುತ್ತಿದ್ದರು. ಅವರು ವ್ಯಾಪಾರಿಗಳಂತೆ, ಯಾತ್ರಿಕರಂತೆ ಅಥವಾ ರಜೆಯ ಮೇಲಿರುವ ಸಿಪಾಯಿಗಳಂತೆ ವೇಷ ಧರಿಸುತ್ತಿದ್ದರು. ಗುಂಪಿನ ನಾಯಕನಿಗೆ ಜಮಾದಾರನೆಂದು ಹೆಸರು. ಉಳಿದವರಲ್ಲಿ ಕೆಲಸದ ಹಂಚಿಕೆಯಿತ್ತು:

- ಸೋಠಾ: ಪ್ರಯಾಣಿಕರನ್ನು ಮಾತಿನಿಂದ ಮರುಳುಮಾಡಿ ಗುಂಪಿಗೆ ಸೇರಿಸುವವನು.
- ಭುರ್ತೋಟ್: ಕೊರಳು ಬಿಗಿಯುವವನು.
- ಶಮ್ಸಿಯಾ: ಕೈಕಾಲುಗಳನ್ನು ಹಿಡಿದುಕೊಳ್ಳುವವನು.
- ಲುಘಾಯಿ: ಗುಂಡಿ ತೋಡಿ ಶವ ಹೂಳುವವನು.

ಹಲವು ದಿನ ಜೊತೆಯಲ್ಲಿ ನಡೆದು, ಉಂಡು, ವಿಶ್ವಾಸ ಗಳಿಸಿದ ಮೇಲೆ ಮೊದಲೇ ಗೊತ್ತುಮಾಡಿದ ಸ್ಥಳದಲ್ಲಿ ಕೃತ್ಯ ನಡೆಯುತ್ತಿತ್ತು. ತಂಬಾಕು ಕೇಳುವಂತಹ ಸಾಮಾನ್ಯ ಮಾತೊಂದು ಅದಕ್ಕೆ ಸಂಕೇತ. ಆರಂಭದಲ್ಲಿ ಹುರಿಯ ಕುಣಿಕೆ ಬಳಕೆಯಲ್ಲಿತ್ತು. ಬಳಿ ಕುಣಿಕೆಯಿದ್ದರೆ ಸಂಶಯ ಬರುತ್ತದೆಂದು ನಂತರ ರುಮಾಲು ಬಳಕೆಗೆ ಬಂತು. ದೋಚುವ ಮೊದಲೇ ಕೊಲ್ಲುವುದು ಇವರ ವಿಶೇಷ. ಸಾಮಾನ್ಯ ದರೋಡೆಯಲ್ಲಿ ದೂರು ಕೊಡಲು ಜನ ಉಳಿಯುತ್ತಾರೆ. ಇವರು ಸಾಕ್ಷಿಯನ್ನೇ ಉಳಿಸುತ್ತಿರಲಿಲ್ಲ. ಚಿಕ್ಕ ಮಕ್ಕಳನ್ನು ಮಾತ್ರ ಕೆಲವೊಮ್ಮೆ ಉಳಿಸಿ ತಾವೇ ಸಾಕಿಕೊಳ್ಳುತ್ತಿದ್ದರು. ಯುರೋಪಿಯನ್ನರನ್ನು ಮುಟ್ಟಿದರೆ ಹುಡುಕಾಟ ತೀವ್ರವಾಗುವುದೆಂದು ಅವರಿಂದ ದೂರವಿರುತ್ತಿದ್ದರು.

ಹಣ ಸಾಗಿಸುವ ಸಾಹುಕಾರರ ಆಳುಗಳು ಹಾಗೂ ಉಳಿತಾಯದೊಡನೆ ಊರಿಗೆ ಮರಳುವ ಸಿಪಾಯಿಗಳು ಹೆಚ್ಚಾಗಿ ಬಲಿಯಾಗುತ್ತಿದ್ದರು. ರಜೆಯ ಮೇಲೆ ಹೋಗುವ ಸಿಪಾಯಿಗಳು ನಗದು ಒಯ್ಯಬಾರದು, ದಾರಿಯಲ್ಲಿ ಅಪರಿಚಿತರ ಜೊತೆ ಸೇರಬಾರದು ಎಂದು 1810ರಲ್ಲಿ ಕಂಪನಿಯ ಸೈನ್ಯವು ಎಚ್ಚರಿಕೆಯ ಆಜ್ಞೆ ಹೊರಡಿಸಿತ್ತು.

ರಾಮಸಿ ಎಂಬುದು ಇವರ ಗುಪ್ತಭಾಷೆ. ಅದು ಪೂರ್ಣ ಭಾಷೆಯಲ್ಲ; ರೂಢಿಯ ಭಾಷೆಯೊಳಗೆ ಸೇರಿಸಿ ಆಡುವ ಕೆಲವು ನೂರು ಸಂಕೇತಪದಗಳ ಸಂಗ್ರಹ. ಅದರಲ್ಲಿ ಪ್ರಯಾಣಿಕನಿಗೆ 'ಬುನಿಜ್' ಎನ್ನುತ್ತಿದ್ದರು. ವ್ಯಾಪಾರದ ಸರಕು ಎಂಬುದು ಅದರ ಅರ್ಥ. ಕರ್ನಲ್ ವಿಲಿಯಂ ಹೆನ್ರಿ ಸ್ಲೀಮನ್ ಈ ಪದಗಳನ್ನು ಸಂಗ್ರಹಿಸಿ 1836ರಲ್ಲಿ 'ರಾಮಸೀಯಾನ' ಎಂಬ ಗ್ರಂಥವಾಗಿ ಪ್ರಕಟಿಸಿದನು.

ನಂಬಿಕೆಗಳು

ಗುಂಪುಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದರು. ಭವಾನಿಯ ಆರಾಧನೆ, ಗುದ್ದಲಿಯ ಪೂಜೆ, ಕೃತ್ಯದ ನಂತರ ಬೆಲ್ಲ ಹಂಚಿ ತಿನ್ನುವುದು, ಹಕ್ಕಿಪ್ರಾಣಿಗಳ ಶಕುನ ನೋಡುವುದು ಇವರ ಆಚರಣೆಗಳೆಂದು ಸ್ಲೀಮನ್ ದಾಖಲಿಸಿದ್ದಾನೆ. ಇವುಗಳ ಆಧಾರದ ಮೇಲೆ ಕೊಲೆಯೇ ಇವರ ಧರ್ಮವೆಂದು ಬ್ರಿಟಿಷ್ ಬರಹಗಾರರು ವರ್ಣಿಸಿದರು.

ಈ ನಿರ್ಣಯವನ್ನು ಎಚ್ಚರದಿಂದ ನೋಡಬೇಕಾಗುತ್ತದೆ. ಆಯುಧಪೂಜೆ, ಶಕುನ ನೋಡುವುದು, ಕೆಲಸಕ್ಕೆ ಮೊದಲು ದೇವಿಗೆ ಹರಕೆ ಹೊರುವುದು ಈ ನಾಡಿನ ರೈತ, ಬಡಗಿ, ಸೈನಿಕರೆಲ್ಲರ ರೂಢಿ. ತುಳಜಾಪುರದ ಅಂಬಾಭವಾನಿಯು ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಅಸಂಖ್ಯ ಮನೆತನಗಳ ಕುಲದೇವತೆ. ವಿಜಯಪುರ ಜಿಲ್ಲೆಯಿಂದ ಸೀಗಿ ಹುಣ್ಣಿಮೆಯ ಹೊತ್ತಿಗೆ ಸಾವಿರಾರು ಭಕ್ತರು ಇಂದಿಗೂ ಅಲ್ಲಿಗೆ ಕಾಲುನಡಿಗೆಯಲ್ಲಿ ಹೋಗುತ್ತಾರೆ. ಕಳ್ಳನೂ ಅದೇ ದೇವಿಗೆ ಕೈಮುಗಿದನೆಂಬುದರಿಂದ ಆ ಭಕ್ತಿಯು ಕಳ್ಳತನದ ಪಂಥವಾಗುವುದಿಲ್ಲ. ದೊರೆತ ಹೇಳಿಕೆಗಳಲ್ಲಿ ಕೊಲೆಯ ಉದ್ದೇಶವು ಬಹುತೇಕ ಹಣವೇ ಆಗಿದೆ.

ಮೆಡೋಸ್ ಟೇಲರ್

ಸುರಪುರದ ಇತಿಹಾಸದಲ್ಲಿ ಪ್ರಸಿದ್ಧನಾದ ಫಿಲಿಪ್ ಮೆಡೋಸ್ ಟೇಲರ್ (1808–1876) ತಂತಿಕಳ್ಳರ ಇತಿಹಾಸಕ್ಕೂ ಸಂಬಂಧಿಸಿದವನು. ನಿಜಾಮನ ಸೇವೆಯಲ್ಲಿದ್ದ ಅವನು 1820ರ ದಶಕದ ಕೊನೆಯಲ್ಲಿ ತುಳಜಾಪುರ, ನಳದುರ್ಗಗಳನ್ನೊಳಗೊಂಡ ನೈರುತ್ಯ ಭಾಗದ ಪೊಲೀಸ್ ಅಧಿಕಾರಿಯಾಗಿದ್ದನು. ರಸ್ತೆಗಳ ಬದಿಯಲ್ಲಿ ಕೊರಳು ಬಿಗಿದು ಕೊಂದ ಶವಗಳು ಸಿಕ್ಕಾಗ ಅವನು ವಿಚಾರಣೆ ಆರಂಭಿಸಿದನು. ಆದರೆ ಅದು ಮುಗಿಯುವ ಮೊದಲೇ ಸೈನ್ಯಕ್ಕೆ ಮರಳುವಂತೆ ಆಜ್ಞೆ ಬಂದಿತು. ಅದರಿಂದ ಈ ಪತ್ತೆಯ ಕೀರ್ತಿ ಸ್ಲೀಮನ್‌ಗೆ ಹೋಯಿತೆಂಬ ಕೊರಗನ್ನು ಅವನು ತನ್ನ ಆತ್ಮಚರಿತ್ರೆಯಲ್ಲಿ ತೋಡಿಕೊಂಡಿದ್ದಾನೆ. ನಂತರ ನಿಜಾಮನ ರಾಜ್ಯದಲ್ಲಿ ಸೆರೆಸಿಕ್ಕವರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಅವನಿಗೆ ದೊರೆಯಿತು.

ಹಿಂಗೋಲಿಯ ದಂಡುಪ್ರದೇಶದಲ್ಲಿ ಸೈನ್ಯದ ಅಧಿಕಾರಿಗಳೆಲ್ಲರೂ ವ್ಯವಹರಿಸುತ್ತಿದ್ದ ಹರಿಸಿಂಗ್ ಎಂಬ ಗೌರವಸ್ಥ ವ್ಯಾಪಾರಿಯೇ ಒಂದು ಗುಂಪಿನ ನಾಯಕನಾಗಿದ್ದ ಸಂಗತಿಯನ್ನು ಟೇಲರ್ ವಿವರಿಸಿದ್ದಾನೆ. ಈ ಅನುಭವಗಳನ್ನು ಆಧರಿಸಿ ಅವನು 1839ರಲ್ಲಿ ಥಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಕಾದಂಬರಿಯೊಂದನ್ನು ಪ್ರಕಟಿಸಿದನು. ಅಮೀರ್ ಅಲಿ ಎಂಬ ನಾಯಕನ ಬಾಯಿಯಿಂದ ಸಾಗುವ ಆ ಕಥೆ ಇಂಗ್ಲೆಂಡಿನಲ್ಲಿ ಅಪಾರ ಜನಪ್ರಿಯತೆ ಗಳಿಸಿತು; 'ಥಗ್' ಪದವು ಇಂಗ್ಲಿಷಿನಲ್ಲಿ ನೆಲೆಗೊಳ್ಳಲು ನೆರವಾಯಿತು. 1840ರ ದಶಕದ ಆರಂಭದಿಂದ 1853ರವರೆಗೆ ಟೇಲರ್ ಸುರಪುರದಲ್ಲಿ ಬಾಲದೊರೆ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡನು. ಅವನು ಅಲ್ಲಿ ಕಟ್ಟಿಸಿದ ಬಂಗಲೆ 'ಟೇಲರ್ ಮಂಜಿಲ್' ಇಂದಿಗೂ ಇದೆ.

ದಮನ ಕಾರ್ಯಾಚರಣೆ

ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನ ಕಾಲದಲ್ಲಿ (1828–1835) ವ್ಯವಸ್ಥಿತ ಕಾರ್ಯಾಚರಣೆ ಆರಂಭವಾಯಿತು. 1835ರಲ್ಲಿ ಸ್ಲೀಮನ್ ಇದರ ಪ್ರಧಾನ ಅಧಿಕಾರಿಯಾದನು. ಸೆರೆಸಿಕ್ಕವರಲ್ಲಿ ಕೆಲವರಿಗೆ ಪ್ರಾಣಭಿಕ್ಷೆ ನೀಡಿ ಮಾಫಿಸಾಕ್ಷಿಗಳನ್ನಾಗಿ ಮಾಡುವುದು, ಅವರು ತೋರಿಸಿದ ಸ್ಥಳದಲ್ಲಿ ಅಗೆದು ಅಸ್ಥಿಗಳನ್ನು ಹೊರತೆಗೆಯುವುದು, ಗುಂಪುಗಳ ವಂಶಾವಳಿ ಮತ್ತು ನಕ್ಷೆಗಳನ್ನು ಸಿದ್ಧಪಡಿಸುವುದು ಅವನ ಕ್ರಮ. ಕಂಪನಿಯ ಪ್ರಭಾವದಿಂದ ದೇಶೀ ಸಂಸ್ಥಾನಗಳೂ ಆರೋಪಿಗಳನ್ನು ಒಪ್ಪಿಸತೊಡಗಿದುದರಿಂದ ಸರಹದ್ದಿನ ಆಸರೆ ತಪ್ಪಿತು.

1836ರ 30ನೆಯ ಕಾಯಿದೆಯು ಈ ಕಾರ್ಯಾಚರಣೆಯ ಬೆನ್ನೆಲುಬು. ಯಾವುದೇ ವ್ಯಕ್ತಿಯು ಕಾಯಿದೆ ಬರುವ ಮೊದಲಾಗಲಿ ನಂತರವಾಗಲಿ, ಕಂಪನಿಯ ಸೀಮೆಯ ಒಳಗಾಗಲಿ ಹೊರಗಾಗಲಿ ಥಗ್ಗರ ಗುಂಪಿಗೆ ಸೇರಿದ್ದನೆಂದು ಸಿದ್ಧವಾದರೆ ಸಾಕು, ಅವನಿಗೆ ಕಠಿಣ ದುಡಿಮೆಯೊಡನೆ ಜೀವಾವಧಿ ಸೆರೆ ವಿಧಿಸಬಹುದಾಗಿತ್ತು. ನಿರ್ದಿಷ್ಟ ಕೊಲೆಯೊಂದನ್ನು ಅವನು ಮಾಡಿದನೆಂದು ಸಾಬೀತುಪಡಿಸುವ ಅಗತ್ಯವಿರಲಿಲ್ಲ. 'ಥಗ್' ಎಂದರೆ ಯಾರು ಎಂಬ ವ್ಯಾಖ್ಯೆಯೂ ಕಾಯಿದೆಯಲ್ಲಿ ಇರಲಿಲ್ಲ.

ಟೇಲರ್ ತನ್ನ ಕಾದಂಬರಿಯ ಪೀಠಿಕೆಯಲ್ಲಿ 1831ರಿಂದ 1837ರವರೆಗಿನ ಅಧಿಕೃತ ಅಂಕಿಅಂಶಗಳನ್ನು ಕೊಟ್ಟಿದ್ದಾನೆ. ಆ ಅವಧಿಯಲ್ಲಿ ಒಟ್ಟು 3,266 ಮಂದಿಯ ವಿಲೇವಾರಿಯಾಯಿತು. ಅವರಲ್ಲಿ 412 ಮಂದಿಯನ್ನು ಗಲ್ಲಿಗೇರಿಸಲಾಯಿತು. 1,059 ಮಂದಿಯನ್ನು ಪೆನಾಂಗ್ ಮುಂತಾದ ಕಡೆಗೆ ಗಡೀಪಾರು ಮಾಡಲಾಯಿತು. 483 ಮಂದಿ ಮಾಫಿಸಾಕ್ಷಿಗಳಾದರು. ಮಾಫಿಸಾಕ್ಷಿಗಳಿಗಾಗಿ ಜಬ್ಬಲ್ಪುರದಲ್ಲಿ ಗುಡಾರ, ಜಮಖಾನೆ ನೇಯುವ ಕೈಗಾರಿಕಾ ಶಾಲೆಯನ್ನು ತೆರೆಯಲಾಯಿತು. ಥಗ್ಗಿ ಮತ್ತು ಡಕಾಯಿತಿ ಇಲಾಖೆಯು 1904ರವರೆಗೆ ಅಸ್ತಿತ್ವದಲ್ಲಿದ್ದು, ಬಳಿಕ ಕೇಂದ್ರ ಅಪರಾಧ ಗುಪ್ತಚರ ಇಲಾಖೆಗೆ ಎಡೆಮಾಡಿಕೊಟ್ಟಿತು.

ಚೀನೀ ರಹಸ್ಯ ಸಂಘಗಳೊಡನೆ ಹೋಲಿಕೆ

ಚೀನಾದ ಅತ್ಯಂತ ಪ್ರಸಿದ್ಧ ರಹಸ್ಯ ಸಂಘವಾದ ತಿಯಾನ್‌ದಿಹುಯಿ, ಅಂದರೆ ಸ್ವರ್ಗ ಮತ್ತು ಭೂಮಿಯ ಸಂಘ, 1760ರ ದಶಕದ ಆರಂಭದಲ್ಲಿ ಫುಜಿಯನ್ ಪ್ರಾಂತದಲ್ಲಿ ಹುಟ್ಟಿತು. ಊರು ಬಿಟ್ಟು ವಲಸೆ ಹೋಗುವ ಬಡವರು ಪರಸ್ಪರ ನೆರವಿಗಾಗಿ ರಕ್ತಪ್ರತಿಜ್ಞೆ ಮಾಡಿ ಅಣ್ಣತಮ್ಮಂದಿರಾಗುವುದು ಅದರ ಮೂಲ ರೂಪ. 1786ರಲ್ಲಿ ತೈವಾನಿನಲ್ಲಿ ಲಿನ್ ಶುವಾಂಗ್‌ವೆನ್ ನಡೆಸಿದ ದಂಗೆಯ ನಂತರ ಚಿಂಗ್ ಸಾಮ್ರಾಜ್ಯವು ಈ ಸಂಘವನ್ನು ಕಠಿಣ ಕಾನೂನಿನಿಂದ ನಿಷೇಧಿಸಿತು. ನಿಷೇಧದಿಂದ ಅದು ಅಳಿಯಲಿಲ್ಲ. ವಲಸಿಗರೊಡನೆ ಆಗ್ನೇಯ ಏಷ್ಯಾಕ್ಕೆ ಹರಡಿತು.

ಎರಡು ಇತಿಹಾಸಗಳಲ್ಲಿ ಸಾಮ್ಯವೂ ವ್ಯತ್ಯಾಸವೂ ಇವೆ. ಸಂಕೇತಭಾಷೆ, ಆಚರಣೆ, ನಾಯಕನ ಅಧೀನತೆ ಎರಡರಲ್ಲೂ ಕಾಣುತ್ತವೆ. ಆದರೆ ಚೀನೀ ಸಂಘಗಳು ಸದಸ್ಯರಿಗೆ ಸಾಲ, ಕೆಲಸ, ಅಂತ್ಯಕ್ರಿಯೆಯ ನೆರವು ಒದಗಿಸುತ್ತಿದ್ದವು. ಪ್ರಭುತ್ವವನ್ನು ಎದುರಿಸಿ ದಂಗೆಯೇಳುತ್ತಿದ್ದವು. ತಂತಿಕಳ್ಳರಿಗೆ ಇಂಥ ರಾಜಕೀಯ ಉದ್ದೇಶವಿರಲಿಲ್ಲ. ನಾಡಿನಾದ್ಯಂತ ಹರಡಿದ ಕೇಂದ್ರ ಸಂಘಟನೆಯೂ ಇರಲಿಲ್ಲ. ಸಂಘಕ್ಕೆ ಸೇರಿರುವುದನ್ನೇ ಅಪರಾಧವೆಂದು ಸಾರಿದುದು ಮಾತ್ರ ಚಿಂಗ್ ಆಡಳಿತ ಮತ್ತು ಕಂಪನಿ ಆಡಳಿತಗಳೆರಡರ ಸಮಾನ ಲಕ್ಷಣ.

ಥಗ್ಗರನ್ನು ಗಡೀಪಾರು ಮಾಡಿದ ಪೆನಾಂಗ್ ದ್ವೀಪವೇ ಚೀನೀ ರಹಸ್ಯ ಸಂಘಗಳ ದೊಡ್ಡ ನೆಲೆಯೂ ಆಗಿತ್ತು. 1867ರ ಆಗಸ್ಟ್‌ನಲ್ಲಿ ಅಲ್ಲಿ ಘೀ ಹಿನ್ ಮತ್ತು ತೋ ಪೆ ಕಾಂಗ್ ಎಂಬ ಎರಡು ಚೀನೀ ಸಂಘಗಳ ನಡುವೆ ಹಲವು ದಿನಗಳ ಬೀದಿ ಕಾಳಗ ನಡೆಯಿತು. ಭಾರತೀಯ ಮತ್ತು ಮಲಯ ಮುಸಲ್ಮಾನರ ಬಿಳಿ ಬಾವುಟ ಸಂಘವು ಘೀ ಹಿನ್ ಪರವಾಗಿ, ಕೆಂಪು ಬಾವುಟ ಸಂಘವು ಎದುರಾಳಿಯ ಪರವಾಗಿ ನಿಂತವು. ಈ ಬಾವುಟ ಸಂಘಗಳು ಮೊಹರಂ ಮೆರವಣಿಗೆಯ ತಂಡಗಳಿಂದ ಬೆಳೆದಂಥವು. 1889ರಲ್ಲಿ ಹೊರಡಿಸಿದ ಸಂಘಗಳ ಶಾಸನದ ಮೂಲಕ ಬ್ರಿಟಿಷರು ಅಲ್ಲಿನ ರಹಸ್ಯ ಸಂಘಗಳನ್ನು ಹತ್ತಿಕ್ಕಿದರು.

ಇತಿಹಾಸಕಾರರ ಚರ್ಚೆ

ಸ್ಲೀಮನ್‌ನ ಮೊಮ್ಮಗ ಜೇಮ್ಸ್ ಸ್ಲೀಮನ್ 1933ರಲ್ಲಿ ಬರೆದ ಪುಸ್ತಕದ ಶೀರ್ಷಿಕೆಯಲ್ಲೇ ಥಗ್ಗರಿಂದಾದ ಕೊಲೆಗಳು ಹತ್ತು ಲಕ್ಷವೆಂದು ಸೂಚಿಸಿದನು. ಈ ಸಂಖ್ಯೆಗೆ ದಾಖಲೆಯ ಆಧಾರವಿಲ್ಲ. ಬೆಹರಾಮ್ ಎಂಬ ನಾಯಕನು 931 ಕೊಲೆ ಮಾಡಿದನೆಂಬ ಪ್ರಸಿದ್ಧ ಮಾತೂ ಪರಿಶೀಲನೆಗೆ ನಿಲ್ಲುವುದಿಲ್ಲ. ಅಷ್ಟು ಪ್ರಕರಣಗಳಲ್ಲಿ ತಾನು ಹಾಜರಿದ್ದೆನೆಂದಷ್ಟೇ ಅವನ ಹೇಳಿಕೆ. ಸ್ವಂತ ಕೈಯಿಂದ ಕೊಂದವರು ಸುಮಾರು 125 ಇರಬಹುದೆಂದು ಅವನು ಹೇಳಿದ್ದನು.

1959ರಲ್ಲಿ ಹೀರಾಲಾಲ್ ಗುಪ್ತ ಮತ್ತು 1969ರಲ್ಲಿ ಸ್ಟುವರ್ಟ್ ಗಾರ್ಡನ್ ಬ್ರಿಟಿಷ್ ಚಿತ್ರಣವನ್ನು ಪ್ರಶ್ನಿಸಿದರು. ಯುದ್ಧಗಳಿಂದ ನೆಲೆ ಕಳೆದುಕೊಂಡ ಸೈನಿಕರು ಮತ್ತು ರೈತರು ದರೋಡೆಗೆ ಇಳಿದುದನ್ನು ಪ್ರಾಚೀನ ಪಂಥವೆಂದು ಬಣ್ಣಿಸಲಾಯಿತೆಂಬುದು ಈ ಬಗೆಯ ವಾದದ ಸಾರ. ರಾಧಿಕಾ ಸಿಂಘ ಅವರು 1998ರ ಗ್ರಂಥದಲ್ಲಿ ಈ ಕಾರ್ಯಾಚರಣೆಯಿಂದ ಕಾನೂನಿನ ಸ್ವರೂಪವೇ ಬದಲಾದ ಬಗೆಯನ್ನು ತೋರಿಸಿದರು. ಥಗ್ಗರು ಬರಿಯ ಕಲ್ಪನೆಯಲ್ಲ, ಕೊಲೆಗಳು ನಿಜವಾಗಿ ನಡೆದವು; ಆದರೆ ಧಾರ್ಮಿಕ ಪಂಥವೆಂಬ ವರ್ಣನೆ ಉತ್ಪ್ರೇಕ್ಷೆ ಎಂಬುದು ಮೈಕ್ ಡ್ಯಾಶ್ (2005), ಕಿಮ್ ವಾಗ್ನರ್ (2007) ಮೊದಲಾದವರ ನಿಲುವು. ಹೇಳಿಕೆಗಳಲ್ಲಿ ಹೆಚ್ಚಿನವು ಪ್ರಾಣ ಉಳಿಸಿಕೊಳ್ಳಲು ಮಾಫಿಸಾಕ್ಷಿಗಳಾದವರವು ಎಂಬುದನ್ನು ಓದುಗರು ಮರೆಯಬಾರದು. ಹಾಗೆಯೇ, ಹೇಳಿಕೆಯಲ್ಲಿ ಸೂಚಿಸಿದ ಜಾಗದಲ್ಲಿ ಅಸ್ಥಿಗಳು ದೊರೆತವೆಂಬುದನ್ನೂ ಮರೆಯುವಂತಿಲ್ಲ.

ನಂತರದ ಪರಿಣಾಮ

ಕೃತ್ಯವನ್ನಲ್ಲದೆ ಗುಂಪನ್ನೇ ಶಿಕ್ಷಿಸುವ ತತ್ತ್ವವು ಥಗ್ಗರೊಡನೆ ಮುಗಿಯಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಲು ಅವಕಾಶ ನೀಡಿತು. 1911ರ ಕಾಯಿದೆಯ ಮೂಲಕ ಅದು ಮುಂಬಯಿ ಮತ್ತು ಮದ್ರಾಸ್ ಪ್ರಾಂತಗಳಿಗೂ ವಿಸ್ತರಿಸಿತು. ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಇಂಥ ಸಮುದಾಯಗಳಿಗಾಗಿ ಕಾವಲಿನ ವಸಾಹತುಗಳು ಸ್ಥಾಪನೆಯಾದವು. ಹುಬ್ಬಳ್ಳಿ ಮತ್ತು ಸೊಲ್ಲಾಪುರಗಳಲ್ಲಿ ಇಂದಿಗೂ ಆ ಬಡಾವಣೆಗಳನ್ನು ಜನರು 'ಸೆಟ್ಲಮೆಂಟ್' ಎಂದೇ ಕರೆಯುತ್ತಾರೆ. ಅಲ್ಲಿದ್ದವರು ಹಾಜರಿ ಹಾಕಬೇಕಾಗಿತ್ತು. ಅಪ್ಪಣೆಯಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ತಾವು ಯಾವ ಅಪರಾಧವನ್ನೂ ಮಾಡದ ಹೆಂಗಸರು ಮಕ್ಕಳು ಕೂಡ ಈ ಕಟ್ಟಿಗೆ ಒಳಗಾದರು.

ಸ್ವಾತಂತ್ರ್ಯಾನಂತರ 1952ರ ಆಗಸ್ಟ್ 31ರಂದು ಈ ಕಾಯಿದೆ ರದ್ದಾಯಿತು. ಅಂದಿನಿಂದ ಈ ಸಮುದಾಯಗಳನ್ನು ವಿಮುಕ್ತ ಬುಡಕಟ್ಟುಗಳೆಂದು ಕರೆಯಲಾಗುತ್ತದೆ. ಆ ದಿನವನ್ನು ಅವರು ವಿಮುಕ್ತಿ ದಿನವೆಂದು ಆಚರಿಸುತ್ತಾರೆ. ಆದರೂ ಕಳಂಕ ಸುಲಭವಾಗಿ ಅಳಿಯಲಿಲ್ಲ. ಲಕ್ಷ್ಮಣ ಗಾಯಕವಾಡರ ಮರಾಠಿ ಆತ್ಮಕಥೆ 'ಉಚಲ್ಯಾ' ಇಂಥ ಬದುಕಿನ ಪ್ರಮುಖ ದಾಖಲೆ. ಅದಕ್ಕೆ 1988ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಸಾಹಿತ್ಯ ಮತ್ತು ಚಲನಚಿತ್ರಗಳಲ್ಲಿ

ಟೇಲರ್‌ನ ಕಾದಂಬರಿಯ ನಂತರ ಥಗ್ಗರು ಪಾಶ್ಚಾತ್ಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರು. 1939ರ 'ಗಂಗಾ ದೀನ್', 1984ರ 'ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್' ಚಿತ್ರಗಳು ಅವರನ್ನು ನರಬಲಿ ಕೊಡುವ ಪಂಥವಾಗಿ ತೋರಿಸಿದವು. ಜಾನ್ ಮಾಸ್ಟರ್ಸ್‌ನ 1952ರ ಕಾದಂಬರಿ 'ದ ಡಿಸೀವರ್ಸ್' 1988ರಲ್ಲಿ ಚಲನಚಿತ್ರವಾಯಿತು. 2018ರಲ್ಲಿ ಬಂದ ಹಿಂದಿ ಚಿತ್ರ 'ಥಗ್ಸ್ ಆಫ್ ಹಿಂದೋಸ್ತಾನ್' ಈ ಹೆಸರನ್ನು ಬಳಸಿಕೊಂಡಿದ್ದರೂ ಅದರ ಕಥೆಗೂ ಇತಿಹಾಸದ ಥಗ್ಗರಿಗೂ ಸಂಬಂಧ ಕಡಿಮೆ. ಈ ಚಿತ್ರಗಳಲ್ಲಿನ ವರ್ಣನೆಯನ್ನು ಇತಿಹಾಸದ ಆಕರವೆಂದು ಪರಿಗಣಿಸಲಾಗುವುದಿಲ್ಲ.